ಬೇಳೆಕಾಳುಗಳ ಎರಡು ಉಪಕಾರಗಳು

ತೊಗರಿಬೇಳೆಯ ಹುಳಿ, ಹುರುಳಿಯ ಸಾರು, ಹೆಸರುಬೇಳೆಯ ಕೋಸಂಬರಿ, ಚಳಿಗಾಲದಲ್ಲಿ ಹಿದುಕಿದ ಅವರೆ—ಇವುಗಳ ರುಚಿಯನ್ನು ನಾವೆಲ್ಲರೂ ಬಲ್ಲೆವು. ಆದರೆ ದ್ವಿದಳ ಧಾನ್ಯಗಳು ಉಣ್ಣುವವರನ್ನು ಪೋಷಿಸುವಂತೆಯೇ ತಾವು ಬೆಳೆದ ಭೂಮಿಯನ್ನೂ ಪೋಷಿಸುತ್ತವೆಂಬುದನ್ನು ಪೇಟೆಯಲ್ಲಿರುವ ನಾವು ಅಷ್ಟಾಗಿ ಗಮನಿಸುವುದಿಲ್ಲ.

ಮೊದಲು ಭೂಮಿಯ ಮಾತು. ಸಸ್ಯಗಳ ಬೆಳವಣಿಗೆಗೆ ಸಾರಜನಕವು ಅತ್ಯಾವಶ್ಯಕ. ವಾಯುವಿನಲ್ಲಿ ನೂರಕ್ಕೆ 78 ಪಾಲು ಅದೇ ಇದ್ದರೂ ಗಿಡಗಳು ಅದನ್ನು ನೇರವಾಗಿ ಬಳಸಿಕೊಳ್ಳಲಾರವು. ಅವರೆಯ ಗಿಡವೊಂದನ್ನು ಮೆಲ್ಲನೆ ಅಗೆದು ನೋಡಿದರೆ ಬೇರುಗಳಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಅವುಗಳಲ್ಲಿ ವಾಸಿಸುವ ಸೂಕ್ಷ್ಮಾಣುಗಳು ಗಿಡದಿಂದ ಸಕ್ಕರೆಯನ್ನು ಪಡೆದು, ಅದಕ್ಕೆ ಪ್ರತಿಯಾಗಿ ವಾಯುವಿನ ಸಾರಜನಕವನ್ನು ಗಿಡಕ್ಕೆ ಒದಗುವ ರೂಪಕ್ಕೆ ತರುತ್ತವೆ. ಗಂಟನ್ನು ಸೀಳಿದಾಗ ಒಳಭಾಗವು ನಸುಗೆಂಪಾಗಿದ್ದರೆ ಈ ಕಾರ್ಯವು ನಡೆಯುತ್ತಿದೆಯೆಂದು ತಿಳಿಯಬಹುದು. ಜರ್ಮನಿಯ ಹೆಲ್‌ರೀಗಲ್ ಎಂಬ ವಿಜ್ಞಾನಿಯು 1886ರಲ್ಲಿ ಈ ರಹಸ್ಯವನ್ನು ಪ್ರಕಟಪಡಿಸಿದನು. ಕಾರಣವನ್ನು ಅರಿಯದಿದ್ದರೂ ಫಲವನ್ನು ಅರಿತಿದ್ದ ನಮ್ಮ ರೈತರು ರಾಗಿಯ ಹೊಲದಲ್ಲಿ ಅವರೆ, ತೊಗರಿಗಳನ್ನು ಅಕ್ಕಡಿಸಾಲಾಗಿ ಬಿತ್ತುತ್ತ ಬಂದಿದ್ದಾರೆ. ಆದರೆ ಸಾರಜನಕದ ಬಹುಭಾಗವು ಕಾಳಿನೊಡನೆ ಮನೆಗೆ ಬಂದುಬಿಡುತ್ತದೆ. ಬೇರು, ಉದುರಿದ ಎಲೆಗಳು ಹೊಲದಲ್ಲಿಯೇ ಉಳಿದರೆ ಮಾತ್ರ ಭೂಮಿಗೆ ಅದರ ಪಾಲು ಸಲ್ಲುತ್ತದೆ.

ಹೊಲದಲ್ಲಿನ ಈ ಜೊತೆಯು ಊಟದ ಎಲೆಯಲ್ಲಿಯೂ ಮುಂದುವರಿಯುತ್ತದೆ. ನಮ್ಮ ಬೇಳೆಕಾಳುಗಳಲ್ಲಿ ನೂರಕ್ಕೆ ಸುಮಾರು 20ರಿಂದ 25 ಪಾಲು ಸಸಾರಜನಕವಿದೆ. ಅಕ್ಕಿ, ರಾಗಿಗಳಲ್ಲಿ ಏಳರ ಆಸುಪಾಸು. ಪ್ರಮಾಣಕ್ಕಿಂತಲೂ ಹೊಂದಾಣಿಕೆಯು ಮುಖ್ಯ. ಏಕದಳ ಧಾನ್ಯಗಳಲ್ಲಿ ಲೈಸೀನ್ ಎಂಬ ಅಂಶವು ಕಡಮೆ, ಬೇಳೆಯಲ್ಲಿ ಅದು ಹೇರಳ. ಬೇಳೆಯಲ್ಲಿ ಕೊರತೆಯಾದ ಮೆಥಿಯೊನೀನ್ ಏಕದಳ ಧಾನ್ಯಗಳಲ್ಲಿ ದೊರೆಯುತ್ತದೆ. ಆದುದರಿಂದ ಮುದ್ದೆಗೆ ಹುರುಳಿ, ಅನ್ನಕ್ಕೆ ತೊಗರಿ ಕೂಡಿದಾಗ ಒಂದರ ನ್ಯೂನತೆಯನ್ನು ಮತ್ತೊಂದು ತುಂಬುತ್ತದೆ.

ಇಲ್ಲಿಯೇ ಎಚ್ಚರ ಅಗತ್ಯ. ಬೇಳೆಯ ಬೆಲೆಯೇರಿದಾಗ ಬಡವರ ಮನೆಯಲ್ಲಿ ಮುದ್ದೆಯು ಕಿರಿದಾಗುವುದಕ್ಕೆ ಮೊದಲೇ ಸಾರು ನೀರಾಗುತ್ತದೆ. ಹೊಟ್ಟೆ ತುಂಬಿದಂತೆ ತೋರುವುದರಿಂದ ಈ ಕೊರತೆಯು ಕಣ್ಣಿಗೆ ಬೀಳುವುದಿಲ್ಲ. ಬೆಳೆಯುವ ಮಕ್ಕಳ ಶರೀರದಲ್ಲಿ ಮಾತ್ರ ಅದು ಉಳಿದುಬಿಡುತ್ತದೆ. ಹಣವಿದ್ದವರ ಮನೆಗಳಲ್ಲಿಯೂ ಬೇಳೆಯ ಕಟ್ಟನ್ನಷ್ಟೇ ಮಗುವಿಗೆ ಬಡಿಸಿ ತೃಪ್ತರಾಗುವುದುಂಟು. ಪುಷ್ಟಿಯ ಹೆಚ್ಚಿನ ಭಾಗವು ತಿಳಿಯಲ್ಲಿಲ್ಲ, ತಳದಲ್ಲಿರುವ ಬೇಳೆಯಲ್ಲಿದೆ. ಬಡಿಸುವಾಗ ಸೌಟನ್ನು ತಳದವರೆಗೆ ಇಳಿಸುವುದು ಲೇಸು.