ಕಾರಣ ಕೇಳಬೇಕಾದ ಪತ್ರ

ಕಂಪಲಾಪುರದ ಹರಾಜು ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ಬೇಲ್‌ಗೆ ತಕ್ಕ ದರ ಬೀಳದಿದ್ದರೆ ರೈತ ಸುಮ್ಮನೆ ಮನೆ ದಾರಿ ಹಿಡಿಯುವುದಿಲ್ಲ. ಸೊಪ್ಪು ಬಿಡಿಸಿ ತೋರಿಸುತ್ತಾನೆ. ಬಣ್ಣಕ್ಕೇನು ಕೊರತೆ, ಹದಕ್ಕೇನು ಕೊರತೆ, ಯಾವ ಲೆಕ್ಕದಲ್ಲಿ ಈ ದರ್ಜೆ ಎಂದು ಕೇಳುತ್ತಾನೆ. ಹಾರನಹಳ್ಳಿ ಹೋಬಳಿಯಿಂದ ಹಿಡಿದು ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರದ ಕಡೆಯವರೆಗೆ ಬೆಳೆಗಾರರಿಗೆ ಈ ಕೇಳುವ ರೂಢಿ ಚೆನ್ನಾಗಿಯೇ ಇದೆ. ಆದರೆ ಅದೇ ಊರುಗಳಿಂದ ಸೇನೆಗೆ ಹೋಗಿ, ಮಂಡಿಯನ್ನೋ ಬೆನ್ನನ್ನೋ ಕಿವಿಯನ್ನೋ ಕೆಡಿಸಿಕೊಂಡು ಬಂದವರಿಗೆ, ಅಂಗವೈಕಲ್ಯ ಪಿಂಚಣಿಯ ಕೋರಿಕೆ ತಿರಸ್ಕೃತವಾಗಿದೆ ಎಂದು ಇಂಗ್ಲಿಷಿನಲ್ಲಿ ಒಂದು ಪತ್ರ ಬಂದಾಗ, ಆ ಪತ್ರ ಹೆಚ್ಚಾಗಿ ಸೇರುವುದು ಟ್ರಂಕಿನ ತಳಕ್ಕೆ. ಸರ್ಕಾರದ ಮೊಹರು ಬಿದ್ದ ಮೇಲೆ ಇನ್ನೇನು ಎಂಬ ಭಾವನೆ ಹಲವರಲ್ಲಿದೆ. ಕಾನೂನು ಹಾಗೆ ಹೇಳುವುದಿಲ್ಲ. ಆ ಪತ್ರಕ್ಕೂ ಕಾರಣ ಕೇಳಬಹುದು; ಕಾರಣ ಕೊಡುವ ಹೊಣೆ ಬಹುಮಟ್ಟಿಗೆ ಸರ್ಕಾರದ ಮೇಲೆಯೇ ಇದೆ. ಮಾಜಿ ಸೈನಿಕನಿಗೆ ನೆರವಾಗುವುದು ಎಂದರೆ ಶಿಫಾರಸು ಹುಡುಕುವುದಲ್ಲ, ಅವನ ಪಕ್ಕದಲ್ಲಿ ಕೂತು ಆ ಕಾರಣ ಎಲ್ಲಿ ಬರೆದಿದೆ, ಬರೆದಿದೆಯೇ ಇಲ್ಲವೇ ಎಂದು ಹುಡುಕುವುದು ಎಂಬುದೇ ಈ ಲೇಖನದ ವಾದ.

ಮೊದಲು ಲೆಕ್ಕ ತಿಳಿಯೋಣ. ಮಾಜಿ ಸೈನಿಕರು 'ಡಿಸೆಬಿಲಿಟಿ ಪೆನ್ಷನ್' ಎಂದೇ ಕರೆಯುವ ಈ ಪಿಂಚಣಿಯಲ್ಲಿ ಎರಡು ಭಾಗಗಳಿವೆ: ಸೇವೆಯ ಭಾಗ ಒಂದು, ಅಂಗವೈಕಲ್ಯದ ಭಾಗ ಇನ್ನೊಂದು. ನೂರಕ್ಕೆ ನೂರು ಅಂಗವೈಕಲ್ಯವಿದ್ದರೆ ಕೊನೆಯ ಸಂಬಳದ ಶೇ. 30ರಷ್ಟು ಅಂಗವೈಕಲ್ಯದ ಭಾಗವಾಗಿ ಸಿಗುತ್ತದೆ. ಕಡಿಮೆ ಇದ್ದರೆ ಅದೇ ಅನುಪಾತದಲ್ಲಿ ಕಡಿಮೆ. ಕೊನೆಯ ಸಂಬಳ 40,000 ರೂಪಾಯಿ ಇದ್ದು, ಅಂಗವೈಕಲ್ಯ ಶೇ. 20 ಎಂದಿಟ್ಟುಕೊಳ್ಳಿ. ನೇರ ಲೆಕ್ಕದಲ್ಲಿ ತಿಂಗಳಿಗೆ 2,400 ರೂಪಾಯಿ. ಆದರೆ ಶೇ. 50ಕ್ಕಿಂತ ಕಡಿಮೆ ಇರುವುದನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, ಅದರಾಚೆಯದನ್ನು 100 ಎಂದೂ ಪರಿಗಣಿಸುವ ಪದ್ಧತಿ ಇದೆ. ಹಾಗೆ ನೋಡಿದರೆ ಅದೇ ಮನುಷ್ಯನಿಗೆ ತಿಂಗಳಿಗೆ 6,000 ರೂಪಾಯಿ. ಕಾಯಿಲೆಯಿಂದಾಗಿ ಅವಧಿಗೆ ಮುಂಚೆಯೇ ಸೇನೆಯಿಂದ ಹೊರಬಂದವರಿಗೆ ಮಾತ್ರ ಈ ಲೆಕ್ಕ ಅನ್ವಯಿಸುತ್ತದೆ ಎಂದು ಸರ್ಕಾರ ವಾದಿಸುತ್ತಿತ್ತು. 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ಸೇವಾವಧಿ ಮುಗಿಸಿ ನಿವೃತ್ತರಾದವರಿಗೂ ಅದು ಸಲ್ಲುತ್ತದೆ ಎಂದಿತು. ಜವಾನನಿಗೆ ಸಾಮಾನ್ಯ ಪಿಂಚಣಿ ಸಿಗಲು 15 ವರ್ಷದ ಸೇವೆ ಬೇಕು. ಅದಕ್ಕೆ ಮೊದಲೇ ಕಾಯಿಲೆಯ ಹೆಸರಿನಲ್ಲಿ ಮನೆಗೆ ಬಂದವನ ಪಾಲಿಗೆ ಈ ಕೋರಿಕೆ ತಿರಸ್ಕೃತವಾಗುವುದೆಂದರೆ ತಿಂಗಳ ಆದಾಯವೇ ಕೈತಪ್ಪಿದಂತೆ.

ಈ ಪಿಂಚಣಿಗೆ ಮುಖ್ಯವಾಗಿ ಎರಡು ಷರತ್ತುಗಳು. ಅಂಗವೈಕಲ್ಯ ಶೇ. 20 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಅದು ಸೇನಾ ಸೇವೆಯಿಂದ ಬಂದದ್ದಾಗಿರಬೇಕು, ಇಲ್ಲವೇ ಸೇವೆಯಿಂದಾಗಿ ಉಲ್ಬಣಿಸಿದ್ದಾಗಿರಬೇಕು. ಬಹಳಷ್ಟು ಕೋರಿಕೆಗಳು ಎಡವುವುದು ಈ ಎರಡನೆಯ ಷರತ್ತಿನಲ್ಲಿ. ಸೇನೆ ಬಿಡುವ ಮೊದಲು ನಡೆಯುವ ಮೆಡಿಕಲ್ ಬೋರ್ಡ್‌ನ ಹಾಳೆಯಲ್ಲಿ ಒಂದೊಂದು ಕಾಯಿಲೆಗೂ ಒಂದು ಸಾಲು ಇರುತ್ತದೆ. ಸೇವೆಯಿಂದ ಬಂದದ್ದೇ, ಹೌದು ಅಥವಾ ಅಲ್ಲ. ಸೇವೆಯಿಂದ ಉಲ್ಬಣಿಸಿದ್ದೇ, ಹೌದು ಅಥವಾ ಅಲ್ಲ. ಪಕ್ಕದಲ್ಲಿ ವಿವರವಾದ ಕಾರಣಕ್ಕೆಂದು ಒಂದು ಅಂಕಣ. ಎರಡೂ ಕಡೆ 'ಅಲ್ಲ' ಎಂದು ಬಿದ್ದರೆ ಪಿಂಚಣಿ ಇಲ್ಲ. ಇಡೀ ವ್ಯಾಜ್ಯ ನಿಂತಿರುವುದು ಆ ಕೊನೆಯ ಅಂಕಣದ ಮೇಲೆ. ಅಲ್ಲಿ ಹಲವು ಬಾರಿ ಇರುವುದು ಒಂದೇ ಗೆರೆ: 'ದೇಹಪ್ರಕೃತಿಯಿಂದ ಬಂದ ಕಾಯಿಲೆ' ಎಂದೋ, 'ಶಾಂತಿ ಪ್ರದೇಶದಲ್ಲಿದ್ದಾಗ ಕಾಣಿಸಿಕೊಂಡದ್ದು' ಎಂದೋ. ಹೇಗೆ ಆ ತೀರ್ಮಾನಕ್ಕೆ ಬಂದರು ಎಂಬ ವಿವರ ಇರುವುದಿಲ್ಲ.

ಆ ಒಂದು ಗೆರೆ ಸಾಕೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2013ರ ಜುಲೈ 2ರಂದು ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಉತ್ತರ ಕೊಟ್ಟಿದೆ. ಸಿಗ್ನಲ್ಸ್ ದಳಕ್ಕೆ 1985ರಲ್ಲಿ ಸೇರಿದ ಸಿಪಾಯಿಯನ್ನು ಅಪಸ್ಮಾರದ ಕಾರಣಕ್ಕೆ 1994ರಲ್ಲಿ ಮನೆಗೆ ಕಳಿಸಲಾಗಿತ್ತು. ಅಂಗವೈಕಲ್ಯ ಶೇ. 20 ಎಂದು ಬೋರ್ಡ್ ಒಪ್ಪಿತ್ತು, ಕಾಯಿಲೆಗೂ ಸೇವೆಗೂ ಸಂಬಂಧವಿಲ್ಲ ಎಂದೂ ಬರೆದಿತ್ತು. ಕೋರ್ಟ್ ಈ ಪಿಂಚಣಿಯ ಅರ್ಹತೆ ಕುರಿತ 1982ರ ನಿಯಮಗಳನ್ನು ಮುಂದಿಟ್ಟುಕೊಂಡು ಸರಳವಾದ ತರ್ಕ ಕಟ್ಟಿತು. ಭರ್ತಿಯ ದಿನ ಸೇನೆಯ ವೈದ್ಯರೇ ಪರೀಕ್ಷಿಸಿ ಆರೋಗ್ಯವಂತ ಎಂದು ತೆಗೆದುಕೊಂಡಿದ್ದಾರೆ. ಆಗ ಯಾವ ಕಾಯಿಲೆಯನ್ನೂ ಬರೆದುಕೊಂಡಿಲ್ಲ. ಹಾಗಿದ್ದ ಮೇಲೆ ನಂತರ ಕಾಣಿಸಿಕೊಂಡ ಕಾಯಿಲೆ ಸೇವೆಯಲ್ಲಿ ಬಂದದ್ದೆಂದೇ ಭಾವಿಸಬೇಕು. ಅಲ್ಲ ಎನ್ನುವುದಾದರೆ, ಭರ್ತಿಯ ಹೊತ್ತಿಗೆ ಅದನ್ನು ಪತ್ತೆಹಚ್ಚಲು ಯಾಕೆ ಸಾಧ್ಯವಿರಲಿಲ್ಲ ಎಂದು ಬೋರ್ಡ್ ಕಾರಣ ಕೊಡಬೇಕು. ಸಾಬೀತುಪಡಿಸುವ ಹೊರೆ ಸೈನಿಕನದ್ದಲ್ಲ. ನ್ಯಾಯವಾದ ಸಂಶಯ ಉಳಿದರೆ ಅದರ ಲಾಭ ಅವನಿಗೇ. ಬೋರ್ಡ್ ಕಾರಣ ಕೊಟ್ಟಿರಲಿಲ್ಲ, ಸಿಪಾಯಿ ಗೆದ್ದ. ವೈದ್ಯರು ಹೇಳಿದ ಮೇಲೆ ಎದುರಾಡುವುದು ಹೇಗೆ ಎಂದು ಅಳುಕುವವರು ಇದನ್ನು ನೆನಪಿಡಬೇಕು. ಇಲ್ಲಿ ಯಾರೂ ವೈದ್ಯರ ಜ್ಞಾನವನ್ನು ಪ್ರಶ್ನಿಸುತ್ತಿಲ್ಲ. ತೀರ್ಮಾನದ ಹಿಂದಿನ ಕಾರಣವನ್ನು ಬರಹದಲ್ಲಿ ತೋರಿಸಿ ಎನ್ನುತ್ತಿದ್ದೇವೆ.

ಹೀಗಾಗಿ ನೆರವಿನ ಮೊದಲ ಹೆಜ್ಜೆ ಅರ್ಜಿ ಬರೆಯುವುದಲ್ಲ, ಕಾಗದ ಕೂಡಿಸುವುದು. ಡಿಸ್ಚಾರ್ಜ್ ಬುಕ್, ತಿರಸ್ಕಾರದ ಪತ್ರ, ಆ ಪತ್ರ ಕೈಸೇರಿದ ದಿನ ತೋರಿಸುವ ಅಂಚೆ ಲಕೋಟೆ, ಸೇನಾ ಆಸ್ಪತ್ರೆಯಲ್ಲಿ ದಾಖಲಾಗಿದ್ದ ಚೀಟಿಗಳು, ಎಲ್ಲವೂ ಬೇಕು. ಮೆಡಿಕಲ್ ಬೋರ್ಡ್‌ನ ಹಾಳೆ ಮನೆಯಲ್ಲಿ ಇಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ತನ್ನ ದಳದ ರೆಕಾರ್ಡ್ ಆಫೀಸಿಗೆ ಅರ್ಜಿ ಹಾಕಬಹುದು. 30 ದಿನದೊಳಗೆ ಉತ್ತರ ಬರಬೇಕು. ಕಾಗದ ಬಂದ ಮೇಲೆ ಒಂದು ಹಾಳೆಯಲ್ಲಿ ಬದುಕಿನ ಪಟ್ಟಿ ಮಾಡಬೇಕು: ಭರ್ತಿಯಾದ ದಿನ, ಅಂದಿನ ವೈದ್ಯಕೀಯ ದರ್ಜೆ, ಯಾವ ವರ್ಷ ಎಲ್ಲಿ ಪೋಸ್ಟಿಂಗ್, ಕಾಯಿಲೆ ಮೊದಲು ಕಾಣಿಸಿದ್ದು ಯಾವಾಗ, ಯಾವ ಆಸ್ಪತ್ರೆ, ಮೆಡಿಕಲ್ ಕ್ಯಾಟಗರಿ ಇಳಿಸಿದ್ದು ಯಾವಾಗ. ಸಿಯಾಚಿನ್ನಿನ ಹಿಮ, ರಾಜಸ್ಥಾನದ ಮರಳು, ಫಿರಂಗಿಯ ಸದ್ದು ಇವೆಲ್ಲ ಮಾತಿನಲ್ಲಿ ಉಳಿದರೆ ಕಥೆ. ಕಾಯಿಲೆಯ ದಿನಾಂಕದ ಪಕ್ಕದಲ್ಲಿ ಬರೆದಾಗ ಅವೇ ಸಾಕ್ಷ್ಯವಾಗುತ್ತವೆ. ಹತ್ತನೇ ತರಗತಿ ಓದಿ ಹದಿನೆಂಟಕ್ಕೇ ಸೇನೆ ಸೇರಿದವರಿಗೆ ಕಚೇರಿಯ ಇಂಗ್ಲಿಷ್ ತೊಡಕೆನಿಸುವುದು ಸಹಜ. ಊರಿನಲ್ಲಿ ಕಾಲೇಜು ಓದಿದ ಒಬ್ಬ ಹುಡುಗಿಯೋ, ನಿವೃತ್ತ ಮೇಷ್ಟ್ರೋ ಎರಡು ಸಂಜೆ ಕೂತರೆ ಈ ಪಟ್ಟಿ ಸಿದ್ಧವಾಗುತ್ತದೆ.

ಆಮೇಲೆ ಮೆಟ್ಟಿಲು ಹತ್ತುವ ಕೆಲಸ. ತಿರಸ್ಕಾರದ ಪತ್ರ ಬಂದ ಆರು ತಿಂಗಳೊಳಗೆ ರೆಕಾರ್ಡ್ ಆಫೀಸಿನ ಮೂಲಕ ಮೊದಲ ಮೇಲ್ಮನವಿ. ಅದೂ ಬಿದ್ದರೆ ಮತ್ತೆ ಆರು ತಿಂಗಳೊಳಗೆ ಎರಡನೆಯ ಮೇಲ್ಮನವಿ. ಅಲ್ಲಿಯೂ ಆಗದಿದ್ದರೆ 2007ರ ಕಾಯ್ದೆಯಡಿ ಸ್ಥಾಪನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಅಲ್ಲಿಗೂ ಕೊನೆಯ ಆದೇಶದಿಂದ ಆರು ತಿಂಗಳ ಗಡುವು. ತಡವಾದರೆ ತಕ್ಕ ಕಾರಣ ತೋರಿಸಿ ಮನ್ನಿಸುವಂತೆ ಕೇಳಬಹುದು. ಮೇಲ್ಮನವಿಗೆ ಆರು ತಿಂಗಳಾದರೂ ಉತ್ತರವೇ ಬರದಿದ್ದರೆ ಕಾಯುತ್ತ ಕೂರಬೇಕಿಲ್ಲ, ನ್ಯಾಯಮಂಡಳಿಯ ಬಾಗಿಲು ತಟ್ಟಬಹುದು. ಅಲ್ಲಿನ ತೀರ್ಪಿನ ವಿರುದ್ಧ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವ ದಾರಿಯೂ ಮುಚ್ಚಿಲ್ಲ ಎಂದು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಇಷ್ಟು ಕೇಳಿದ ಕೂಡಲೇ ಏಳುವ ಮೊದಲ ಆಕ್ಷೇಪ ದೂರದ್ದು, ಖರ್ಚಿನದ್ದು. ಅದರಲ್ಲಿ ಸತ್ಯವಿದೆ. ಕರ್ನಾಟಕದ ಪ್ರಕರಣಗಳು ಹೋಗುವುದು ಕೊಚ್ಚಿಯ ಪೀಠಕ್ಕೆ. ಹಾರನಹಳ್ಳಿಯ ಕಡೆಯಿಂದ ಪಿರಿಯಾಪಟ್ಟಣ, ಹುಣಸೂರು ದಾಟಿ ಮೈಸೂರಿಗೆ ಬಂದು, ಅಲ್ಲಿಂದ ರಾಜ್ಯದ ಗಡಿ ದಾಟಬೇಕು ಎಂದರೆ ಮಂಡಿ ನೋವಿನವನಿಗೆ ಅದೇ ಒಂದು ಶಿಕ್ಷೆ. ಆದರೆ ಎರಡು ಮೇಲ್ಮನವಿಗಳಿಗೆ ಎಲ್ಲಿಗೂ ಹೋಗಬೇಕಿಲ್ಲ; ಅವು ಅಂಚೆಯ ಕೆಲಸ. ಮೈಸೂರಿನಲ್ಲಿ ರಾಜ್ಯ ಸರ್ಕಾರದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಅಂಗವಿಕಲರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಮಾಜಿ ಸೈನಿಕ ತೀರಿಕೊಂಡಿದ್ದು ಹೆಂಡತಿ ಹೋರಾಟ ಮುಂದುವರಿಸುವುದಾದರೆ ಅವರಿಗೂ ಈ ಹಕ್ಕು ಸಲ್ಲುತ್ತದೆ. 2025ರ ಜುಲೈನಲ್ಲಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ 'ವೀರ್ ಪರಿವಾರ್ ಸಹಾಯತಾ ಯೋಜನೆ' ಆರಂಭಿಸಿದ್ದು ಸೈನಿಕರ, ಮಾಜಿ ಸೈನಿಕರ ಕುಟುಂಬಗಳಿಗೆಂದೇ. ದೂರ ಎಂಬುದು ನೆರವು ಬೇಕು ಎನ್ನಲು ಕಾರಣವಾಗಬೇಕು, ಕೈಬಿಡಲು ಅಲ್ಲ.

ಎರಡನೆಯ ಆಕ್ಷೇಪ ಕಾಲದ್ದು. ಪತ್ರ ಬಂದು ಹತ್ತಾರು ವರ್ಷವಾಯಿತು, ಈಗೇನು ಎಂಬುದು. ಪಿಂಚಣಿ ನಿರಾಕರಣೆ ತಿಂಗಳು ತಿಂಗಳೂ ಮುಂದುವರಿಯುವ ಅನ್ಯಾಯ. ಹಾಗಾಗಿ ತಡವಾದರೂ ಕೇಳಬಹುದು, ಆದರೆ ಹಿಂಬಾಕಿ ಅರ್ಜಿ ಹಾಕಿದ ದಿನದಿಂದ ಹಿಂದಿನ ಮೂರು ವರ್ಷಕ್ಕೆ ಸೀಮಿತ ಎಂದು 2008ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ತಡ ಮಾಡಿದ ಒಂದೊಂದು ವರ್ಷವೂ ಮನೆಯ ಗಂಟಿನಿಂದಲೇ ಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ದಾಖಲೆಯದು. ಪಿಂಚಣಿ ಅರ್ಹತೆಯ 2008ರ ನಿಯಮಗಳು ಸಾಮಾನ್ಯವಾಗಿ ಅರ್ಜಿದಾರನಿಂದ ಪುರಾವೆ ಕೇಳಬಾರದು ಎನ್ನುತ್ತವೆ. ಆದರೆ ಸೇವೆ ಬಿಟ್ಟು 15 ವರ್ಷದ ಮೇಲೆ, ದಾಖಲೆಗಳು ನಾಶವಾದ ನಂತರ ಕೋರಿಕೆ ಬಂದರೆ ಸಾಬೀತಿನ ಹೊರೆ ಅವನ ಮೇಲೆಯೇ ಬೀಳುತ್ತದೆ ಎಂದೂ ಹೇಳುತ್ತವೆ. ಪಿಂಚಣಿ ಇಲ್ಲದೆ ಹೊರಬಂದವರ ಸೇವಾ ಕಾಗದಗಳನ್ನು 25 ವರ್ಷದ ನಂತರ ಉಳಿಸಿಕೊಳ್ಳುವ ಹೊಣೆ ರೆಕಾರ್ಡ್ ಆಫೀಸಿಗಿಲ್ಲ. ಸೈನಿಕನ ಪರವಾಗಿರುವ ಕಾನೂನು ಕಾಗದದ ಜೊತೆಗೇ ಸವೆಯುತ್ತ ಹೋಗುತ್ತದೆ.

ಮೂರನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಈ ಸವಲತ್ತಿನ ದುರ್ಬಳಕೆ ಆಗುತ್ತಿಲ್ಲವೇ? ಬಿಪಿ, ಸಕ್ಕರೆ ಕಾಯಿಲೆ ಯಾರಿಗೆ ಬರುವುದಿಲ್ಲ? 2023ರಲ್ಲಿ ಮಹಾಲೇಖಪಾಲರ ವರದಿ ಈ ಪ್ರಶ್ನೆಗೆ ಅಂಕಿಗಳನ್ನು ಕೊಟ್ಟಿತು. 2015-16ರಿಂದ 2019-20ರವರೆಗೆ ಪ್ರತಿ ವರ್ಷ ನಿವೃತ್ತರಾದ ಅಧಿಕಾರಿಗಳಲ್ಲಿ ಶೇ. 36ರಿಂದ 40ರಷ್ಟು ಮಂದಿಗೆ, ಅವರ ಕೆಳಗಿನ ದರ್ಜೆಯವರಲ್ಲಿ ಶೇ. 15ರಿಂದ 18ರಷ್ಟು ಮಂದಿಗೆ ಅಂಗವೈಕಲ್ಯದ ಭಾಗ ಸಿಕ್ಕಿತ್ತು. ಸಾರ್ವಜನಿಕ ಹಣದ ಲೆಕ್ಕ ಕೇಳುವುದು ತಪ್ಪಲ್ಲ. ಅಧಿಕಾರಿಗಳು ಹೆಚ್ಚಿನ ವಯಸ್ಸಿನಲ್ಲಿ ನಿವೃತ್ತರಾಗುವುದರಿಂದ ಕಾಯಿಲೆಗಳೂ ಹೆಚ್ಚಿರಬಹುದು ಎಂಬುದನ್ನೂ ಒಪ್ಪೋಣ. ಆದರೂ ಈ ಅಂಕಿಗಳು ಜವಾನರತ್ತ ಬೆರಳು ತೋರಿಸುವುದಿಲ್ಲ. ನಿಯಮ ಬಲ್ಲವರಿಗೆ ಹತ್ತಿರವಾಗಿ, ಅರಿಯದವರಿಗೆ ದೂರವಾಗಿ ಒಂದು ವ್ಯವಸ್ಥೆ ನಡೆಯುತ್ತಿದೆಯೇ ಎಂಬ ಅನುಮಾನವನ್ನೂ ಅವು ಹುಟ್ಟಿಸುತ್ತವೆ. ಸುಳ್ಳು ಕೋರಿಕೆಯನ್ನು ತಡೆಯುವ ಸಾಧನವೂ ಅದೇ ಕಾರಣದ ಅಂಕಣ. ಬೋರ್ಡ್ ಪ್ರತಿ ಪ್ರಕರಣದಲ್ಲಿ ವಿವರವಾಗಿ ಕಾರಣ ಬರೆದರೆ ಸುಳ್ಳು ಅಲ್ಲೇ ನಿಲ್ಲುತ್ತದೆ, ನಿಜವಾದ ಕೋರಿಕೆಗೆ ನ್ಯಾಯ ಸಿಗುತ್ತದೆ. ಅಂಗವಿಕಲ ಸೈನಿಕರ ವಿರುದ್ಧ ಸರ್ಕಾರ ಮತ್ತೆ ಮತ್ತೆ ಕೋರ್ಟಿಗೆ ಹೋಗುವುದನ್ನು ಕಡಿಮೆ ಮಾಡಬೇಕು ಎಂದು ರಕ್ಷಣಾ ಸಚಿವರೇ ನೇಮಿಸಿದ್ದ ತಜ್ಞರ ಸಮಿತಿ 2015ರಲ್ಲಿ ಹೇಳಿದ್ದನ್ನು ಇಲ್ಲಿ ಮರೆಯಬಾರದು.

ನೆರವಾಗುವವರು ಮಾಜಿ ಸೈನಿಕನಿಗೆ ಹುಸಿ ಭರವಸೆ ಕೊಡಲೂಬಾರದು. ಎಲ್ಲ ಕೋರಿಕೆಗಳೂ ಗೆಲ್ಲುವುದಿಲ್ಲ. ರಜೆಯಲ್ಲಿ ಊರಿಗೆ ಬಂದಾಗ ಸ್ವಂತ ಕೆಲಸಕ್ಕೆ ಹೋಗಿ ರಸ್ತೆ ಅಪಘಾತವಾದರೆ ಅದಕ್ಕೂ ಸೇನಾ ಕರ್ತವ್ಯಕ್ಕೂ ಸಂಬಂಧವಿಲ್ಲ ಎಂದು 2011ರ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಪಿಂಚಣಿ ನಿರಾಕರಿಸಿತು. ಕೆಲವು ಮಾನಸಿಕ ಕಾಯಿಲೆಗಳನ್ನು ಭರ್ತಿಯ ದಿನದ ಪರೀಕ್ಷೆಯಲ್ಲಿ ಪತ್ತೆಹಚ್ಚಲಾಗದು. ಆಗ ಬರೆದುಕೊಂಡಿರಲಿಲ್ಲ ಎಂಬುದೊಂದೇ ಸಾಲದು ಎಂದು ಅದೇ ಕೋರ್ಟ್ 2019ರಲ್ಲಿ ಹೇಳಿತು. ನಿವೃತ್ತಿಯ ದಿನಾಂಕವನ್ನೂ ನೋಡಬೇಕು. 2023ರ ಸೆಪ್ಟೆಂಬರ್ 21ರ ನಂತರ ಸೇವೆ ಬಿಟ್ಟವರಿಗೆ ಹೊಸ ನಿಯಮಗಳಿವೆ, ಸವಲತ್ತಿನ ಹೆಸರುಗಳೂ ಬದಲಾಗಿವೆ. ಅಗ್ನಿವೀರರಾಗಿ ಹೋದ ಹುಡುಗರಿಗೆ ಪಿಂಚಣಿಯೇ ಇಲ್ಲ. ಸೇವೆಯಿಂದ ಬಂದ ಅಂಗವೈಕಲ್ಯ ಶೇ. 50, 75 ಅಥವಾ 100 ಎಂದಾದರೆ ಕ್ರಮವಾಗಿ 15, 25, 44 ಲಕ್ಷ ರೂಪಾಯಿ ಒಂದೇ ಸಲದ ಪರಿಹಾರ. ಅವರ ವಿಷಯದಲ್ಲೂ ನಿರ್ಧಾರವಾಗುವುದು ಸೇವೆಯಿಂದ ಬಂದದ್ದೇ ಅಲ್ಲವೇ ಎಂಬ ಅದೇ ಸಾಲಿನಲ್ಲಿ. ಹಾಗಾಗಿ ಇಂದು ಸೇನೆಯಲ್ಲಿರುವ ಮಕ್ಕಳಿಗೆ ಮನೆಯವರು ಹೇಳಬೇಕಾದ ಮಾತು ಒಂದಿದೆ: ಪೆಟ್ಟು ಬಿದ್ದ ದಿನವೇ ವರದಿ ಬರೆಸು, ಅದರ ನಕಲು ಮನೆಗೆ ಕಳಿಸು.

ಊರು ತನ್ನ ಸೈನಿಕನನ್ನು ಆಗಸ್ಟ್ 15ರಂದು ವೇದಿಕೆಗೆ ಕರೆದು ಶಾಲು ಹೊದಿಸುತ್ತದೆ. ಆ ಗೌರವ ದೊಡ್ಡದೇ. ಅದೇ ಸಂಜೆ ಇಬ್ಬರು ಅವರ ಮನೆಯವರೆಗೂ ನಡೆದುಹೋಗಿ, ಟ್ರಂಕ್ ತೆಗೆಸಿ, ಆ ಹಳೆಯ ಪತ್ರವನ್ನು ಓದಿ ಹೇಳಿದರೆ ಗೌರವ ಪೂರ್ತಿಯಾಗುತ್ತದೆ. ಪತ್ರದ ತಾರೀಕು ಯಾವುದು, ಬೋರ್ಡ್ ಬರೆದ ಕಾರಣ ಏನು, ಸೇವೆ ಬಿಟ್ಟು 15 ವರ್ಷ ದಾಟಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ, ಮರುದಿನ ಪಿರಿಯಾಪಟ್ಟಣದ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗುವಾಗ ಕೈಯಲ್ಲಿ ಏನಿರಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.