ಕೈಯೊಳಗಿನ ಪರದೆಯೂ ಮನೆಯ ಜಗಲಿಯೂ

ಪೈವಳಿಕೆ ಪಂಚಾಯತಿಗೆ ಸೇರಿದ ಬಾಯಾರು, ಗುಡ್ಡಗಳ ನಡುವೆ ಅಡಿಕೆ ತೋಟಗಳನ್ನು ಹೊಂದಿರುವ ಗಡಿಗ್ರಾಮ. ಸಂಜೆ ದೀಪ ಹಚ್ಚಿದ ಬಳಿಕ ಮನೆಯವರು ಜಗಲಿಯಲ್ಲಿ ಕುಳಿತು ಮಾತನಾಡುವುದು ಇಂತಹ ಊರುಗಳ ವಾಡಿಕೆ. ಇಂದು ಅದೇ ಜಗಲಿಯಲ್ಲಿ ನಾಲ್ವರು ಕುಳಿತಿದ್ದರೂ ನಾಲ್ವರ ದೃಷ್ಟಿಯೂ ತಮ್ಮ ತಮ್ಮ ಮೊಬೈಲಿನಲ್ಲಿ ನೆಟ್ಟಿರುವುದುಂಟು. ಇದು ಎಲ್ಲ ಊರುಗಳ ಕತೆಯಾದರೂ ಗಡಿನಾಡಿನ ನಮಗೆ ಇದರಲ್ಲಿ ಇನ್ನೊಂದು ಚಿಂತೆಯೂ ಅಡಗಿದೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ಬಳಿಕವೂ ಇಲ್ಲಿ ಕನ್ನಡ ಉಳಿದುದು ಶಾಲೆಗಳಿಂದ, ಯಕ್ಷಗಾನದಿಂದ, ಎಲ್ಲಕ್ಕೂ ಮಿಗಿಲಾಗಿ ಹಿರಿಯರು ಕಿರಿಯರೊಡನೆ ಆಡಿದ ಮಾತಿನಿಂದ. ಆ ಮಾತಿನ ಹೊತ್ತನ್ನೇ ಪರದೆ ನುಂಗಿದರೆ ನಮ್ಮ ನಷ್ಟ ಇಮ್ಮಡಿ.

ಹಾಗೆಂದು ಯಂತ್ರವನ್ನು ಹಳಿಯುವುದು ನ್ಯಾಯವಲ್ಲ. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದಾಗ ಮನೆಮಂದಿ ರೇಡಿಯೋದ ಸುತ್ತ ಸೇರಿದರು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಬಂದಾಗ ನೆರೆಹೊರೆಯವರೂ ಒಂದೇ ಚಾವಡಿಯಲ್ಲಿ ಕುಳಿತರು. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಅತ್ತಲ ಬಂಧುಗಳ ಮುಖ ತೋರಿಸಿದುದು ಈ ಮೊಬೈಲೇ. ಅದೇ ವರ್ಷದ ಜೂನ್ 1ರಿಂದ ಕೇರಳದ ಮಕ್ಕಳಿಗೆ ಪಾಠ ದೊರೆತುದೂ ಪರದೆಯ ಮೂಲಕವೇ. ಆದುದರಿಂದ ಪರದೆ ನಮ್ಮನ್ನು ಕೂಡಿಸುತ್ತದೆಯೋ ಬೇರ್ಪಡಿಸುತ್ತದೆಯೋ ಎಂಬುದನ್ನೇ ನಾವು ವಿಚಾರಿಸಬೇಕಾಗಿದೆ.

ಮಿತಿಯಂತೂ ಅಗತ್ಯ. ಎರಡು ವರ್ಷ ತುಂಬದ ಮಕ್ಕಳಿಗೆ ಪರದೆ ಬೇಡವೆಂದೂ, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂತಹ ಗೀಳಿನ ಚಿಕಿತ್ಸೆಗಾಗಿಯೇ 2014ರಲ್ಲಿ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು. ಆದರೆ ಮೊಬೈಲನ್ನು ಕಸಿದುಕೊಂಡು ಬರಿಗೈಯಲ್ಲಿ ಕೂರಿಸಿದರೆ ಮಗುವಿನ ಮನಸ್ಸು ಮತ್ತೆ ಅಲ್ಲಿಗೇ ಓಡುವುದು ಸಹಜ. ಅದರ ಬದಲಿಗೆ ನಾವು ಏನನ್ನು ಕೊಡುತ್ತೇವೆ?

ಕೊಡಲು ನಮ್ಮಲ್ಲಿ ಕೊರತೆಯಿಲ್ಲ. ಮುರಕಲ್ಲಿನ ಗುಡ್ಡವನ್ನು ಅಡ್ಡಲಾಗಿ ಕೊರೆದ ಸುರಂಗದಿಂದ, ಪಂಪಿನ ಹಂಗಿಲ್ಲದೆ ನೀರು ತಾನಾಗಿ ಇಳಿದು ಕೆರೆ ಸೇರುವುದನ್ನು ಕಣ್ಣಾರೆ ಕಂಡು, ಆ ತಂಪಿಗೆ ಕೈಯೊಡ್ಡಿದ ಮಗು ಒಂದು ಪಾಠವನ್ನೇ ಕಲಿಯುತ್ತದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಹಾಡು ಮತ್ತು ಮಾತಿನಿಂದಲೇ ಲೋಕವೊಂದು ನಿರ್ಮಾಣವಾಗುತ್ತದೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ, ಶೇಣಿ ಗೋಪಾಲಕೃಷ್ಣ ಭಟ್ಟರಂತಹ ಅರ್ಥಧಾರಿಗಳನ್ನು ಕೊಟ್ಟ ನೆಲದಲ್ಲಿ ಬೆಳೆಯುವ ಮಕ್ಕಳು ಆ ಮಾತಿನ ಎದುರು ಒಮ್ಮೆಯಾದರೂ ಕುಳಿತಿರಬೇಕು. ಹೋಗಲಾಗದಿದ್ದರೆ ಮೊಬೈಲಿನಲ್ಲಿಯೇ ನೋಡಬಹುದು. ಆದರೆ ಅಜ್ಜನ ಪಕ್ಕದಲ್ಲಿ ಕುಳಿತು, ಅರ್ಥವಾಗದ ಪದವನ್ನು ಕೇಳುತ್ತ ನೋಡಬೇಕು.

ಊಟದ ಹೊತ್ತಿಗೆ ಮನೆಯ ಮೊಬೈಲುಗಳೆಲ್ಲ ಒಂದೇ ಕಡೆ ವಿಶ್ರಮಿಸಲಿ. ಈ ನಿಯಮ ಮೊದಲು ತಂದೆತಾಯಂದಿರಿಗೆ ಅನ್ವಯಿಸಲಿ. ಮಕ್ಕಳು ನಮ್ಮ ಉಪದೇಶಕ್ಕಿಂತ ನಮ್ಮ ನಡತೆಯನ್ನು ಬೇಗ ಅನುಸರಿಸುತ್ತಾರೆ. ಪರವೂರಿನಲ್ಲಿರುವ ಮೊಮ್ಮಕ್ಕಳು ವಾರಕ್ಕೊಮ್ಮೆ ಪರದೆಯ ಮೇಲೆ ಕಂಡಾಗ ಕುಶಲವನ್ನಷ್ಟೇ ಕೇಳಿ ಮುಗಿಸದೆ ಒಂದು ಕತೆಯನ್ನೂ ಹೇಳೋಣ. ರಜೆಯಲ್ಲಿ ಊರಿಗೆ ಬಂದಾಗ ಆ ಕತೆಯ ತೋಟವನ್ನೂ ಕೆರೆಯನ್ನೂ ಅವರಿಗೆ ತೋರಿಸೋಣ.