ಅಡಿಕೆ ಡ್ರೈಯರಿನ ಬ್ಲೋವರ್: ಬೆಲ್ಟ್ ಮತ್ತು ಪುಲ್ಲಿಗಳ ನಿರ್ವಹಣೆ

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳಲ್ಲಿ ಚಾಲಿ ಅಡಿಕೆಯು ಸಾಮಾನ್ಯವಾಗಿ ಅಂಗಳದ ಬಿಸಿಲಿನಲ್ಲಿಯೇ ಒಣಗುತ್ತದೆ. ಅಕಾಲಿಕ ಮಳೆ ಸುರಿದಾಗ ಡ್ರೈಯರ್ ಆಸರೆಯಾಗುತ್ತದೆ. ಬ್ಲೋವರ್ ಇರುವ ಡ್ರೈಯರಿನಲ್ಲಿ ಶಾಖದಷ್ಟೇ ಗಾಳಿಯ ಹರಿವೂ ಮುಖ್ಯ. ಹರಿವು ಕುಂದಿದರೆ ತೇವಾಂಶವು ಹೊರಹೋಗದೆ ಅಡಿಕೆಗೆ ಬೂಷ್ಟು ಹಿಡಿಯುತ್ತದೆ.

ಬೆಲ್ಟ್‌ನಿಂದ ತಿರುಗುವ ಕೇಂದ್ರಾಪಗಾಮಿ ಬ್ಲೋವರಿನ ವೇಗವನ್ನು ಪುಲ್ಲಿಗಳ ವ್ಯಾಸವು ನಿರ್ಧರಿಸುತ್ತದೆ. ನಿಮಿಷಕ್ಕೆ 1440 ಸುತ್ತು ತಿರುಗುವ ಮೋಟಾರಿಗೆ 4 ಇಂಚಿನ, ಬ್ಲೋವರಿಗೆ 6 ಇಂಚಿನ ಪುಲ್ಲಿಯಿದ್ದರೆ ಬ್ಲೋವರ್ ಸುಮಾರು 960 ಸುತ್ತು ತಿರುಗುತ್ತದೆ. ಹೆಚ್ಚು ಗಾಳಿ ಬೇಕೆಂದು ಮೋಟಾರಿಗೆ 5 ಇಂಚಿನ ಪುಲ್ಲಿ ಹಾಕಿದರೆ ಗಾಳಿಯು ಶೇ. 25ರಷ್ಟು ಹೆಚ್ಚಬಹುದು, ಆದರೆ ಬೇಕಾಗುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುವುದರಿಂದ ಮೋಟಾರಿನ ಮೇಲಿನ ಹೊರೆಯು ಬಹುತೇಕ ಇಮ್ಮಡಿಯಾಗುತ್ತದೆ. ಮೋಟಾರ್ ಸುಟ್ಟುಹೋಗುವ ಸಂಭವವಿದೆ.

ಅನುಸರಿಸಬೇಕಾದ ಕ್ರಮಗಳು:

• ಬೆಲ್ಟ್ ಸಡಿಲವಾದರೆ ಜಾರುತ್ತದೆ, ಗಾಳಿ ಕುಗ್ಗುತ್ತದೆ. ಅತಿಯಾಗಿ ಬಿಗಿಯಾದರೆ ಬೇರಿಂಗ್ ಬೇಗ ಸವೆಯುತ್ತದೆ.

• ಎರಡು ಬೆಲ್ಟ್‌ಗಳಿದ್ದಲ್ಲಿ ಒಂದು ಸವೆದರೂ ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು.

• ಎರಡೂ ಪುಲ್ಲಿಗಳು ಒಂದೇ ನೇರದಲ್ಲಿರಬೇಕು.

• ತ್ರೀ ಫೇಸ್ ತಂತಿಗಳು ಅದಲುಬದಲಾದರೆ ಬ್ಲೋವರ್ ಹಿಮ್ಮುಖವಾಗಿ ತಿರುಗುತ್ತದೆ. ಆಗಲೂ ಗಾಳಿಯು ಅದೇ ಬಾಯಿಯಿಂದ ಬರುವುದರಿಂದ ದೋಷವು ಕಣ್ಣಿಗೆ ಬೀಳದು. ಆದರೆ ಗಾಳಿಯ ಪ್ರಮಾಣ ಬಹಳ ಕಡಿಮೆಯಿರುತ್ತದೆ. ಆದ್ದರಿಂದ ವಿದ್ಯುತ್ ದುರಸ್ತಿಯ ಬಳಿಕ ಕವಚದ ಮೇಲಿನ ಬಾಣದ ಗುರುತಿನೊಂದಿಗೆ ತಿರುಗುವ ದಿಕ್ಕನ್ನು ತಾಳೆ ನೋಡಬೇಕು.

• ರೆಕ್ಕೆಗಳಿಗೆ ಅಂಟಿದ ಧೂಳು, ಮಸಿಯನ್ನು ತೆಗೆಯಬೇಕು.

ಈ ಯಾವುದೇ ಕೆಲಸಕ್ಕೆ ಮೊದಲು ಮೇನ್ ಸ್ವಿಚ್ ಆರಿಸಿ, ಚಕ್ರವು ಪೂರ್ಣವಾಗಿ ನಿಂತ ಮೇಲೆಯೇ ಕೈಯಿಡಬೇಕು. ಲುಂಗಿ, ಸೀರೆಯ ಸೆರಗು ಸಿಲುಕದಂತೆ ಬೆಲ್ಟಿನ ಕವಚವನ್ನು ಮರಳಿ ಜೋಡಿಸಿದ ನಂತರವೇ ಯಂತ್ರವನ್ನು ಚಾಲನೆಗೊಳಿಸಬೇಕು.